ಸುಮ್ಮ ನಿಂತವಳ ಚೀಟಿ

ನಾಸಿಕ್‌ನ ನಮ್ಮ ಶಾಲೆಯಲ್ಲಿ ಪಾಠ ಮಾಡುವುದರ ಜೊತೆಗೆ ನನಗೆ ಇನ್ನೆರಡು ಕೆಲಸಗಳಿದ್ದವು. ವಾರದಲ್ಲಿ ಹೆಚ್ಚಿನ ದಿನ ಬೆಳಿಗ್ಗೆ ಗೇಟಿನಲ್ಲಿ ನಿಂತು ಮಕ್ಕಳ ಯೂನಿಫಾರ್ಮ್ ನೋಡುವುದು, ಶನಿವಾರ ದೂರು ಪೆಟ್ಟಿಗೆ ತೆರೆಯುವುದು. ಎರಡನ್ನೂ ನಾನು ಕೇಳಿ ಪಡೆದದ್ದಲ್ಲ. ಬೇರೆಯವರು ಬೇಡವೆಂದ ಕೆಲಸ ಹೊಸದಾಗಿ ಬಂದವರ ಕೊರಳಿಗೆ ಬೀಳುತ್ತದೆ, ನನ್ನ ಕೊರಳಿಗೂ ಬಿದ್ದಿತ್ತು.

ನಮ್ಮದು ಬೀದರ್ ಕಡೆ. ಮದುವೆಯಾದ ಮೇಲೆ ಛತ್ರಪತಿ ಸಂಭಾಜಿನಗರದಲ್ಲಿದ್ದೆವು. ನಾನು ಶಿಕ್ಷಕಿಯಾದದ್ದು ಅಲ್ಲೇ. ಆಮೇಲೆ ಗಂಡನಿಗೆ ನಾಸಿಕ್ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಈ ಕಡೆ ಬಂದೆವು. ನಾನೂ ಮಗಳೂ ದಿನಾ ಓಝರ್‌ನಿಂದ ಒಂದೇ ಬಸ್ಸಿನಲ್ಲಿ ಒಂದೇ ಶಾಲೆಗೆ ಹೋಗುತ್ತಿದ್ದೆವು. ಅವಳು ಏಳನೇ ತರಗತಿ. ಬಸ್ಸಿನಿಂದ ಇಳಿದ ಕೂಡಲೇ ಅವಳು ನನ್ನಿಂದ ಹತ್ತು ಹೆಜ್ಜೆ ದೂರ ನಡೆಯುತ್ತಿದ್ದಳು. ವಯಸ್ಸೇ ಹಾಗೆ ಎಂದುಕೊಂಡು ನಾನು ಅದರ ಗೋಜಿಗೆ ಹೋಗಿರಲಿಲ್ಲ.

ಗೇಟಿನಲ್ಲಿ ನಾನು ಬಹಳ ಕಟ್ಟುನಿಟ್ಟು. ಸಂಭಾಜಿನಗರದ ಶಾಲೆಯಲ್ಲಿ ಒಮ್ಮೆ ಮುಖ್ಯಾಧ್ಯಾಪಕರು ಎಲ್ಲರೆದುರು, ನಿಮ್ಮ ವರ್ಗ ಸಂತೆಯ ಹಾಗೆ ಕಾಣುತ್ತದೆ ಎಂದು ನನ್ನನ್ನು ಬೈದಿದ್ದರು. ಮತ್ತೆ ಯಾರಿಂದಲೂ ಅಂಥ ಮಾತು ಕೇಳಬಾರದೆಂದು ಅಂದೇ ತೀರ್ಮಾನಿಸಿಬಿಟ್ಟಿದ್ದೆ. ಬೂಟಿಗೆ ಪಾಲಿಶ್ ಇಲ್ಲದವರು, ರಿಬ್ಬನ್ ಬೇರೆ ಬಣ್ಣದವರು, ಬೆಲ್ಟ್ ಮರೆತವರು ಎಡಗಡೆಯ ಗೋಡೆಗೆ ನಿಲ್ಲಬೇಕು. ಪ್ರಾರ್ಥನೆ ಮುಗಿಯುವವರೆಗೂ ಅಲ್ಲೇ. ಇಡೀ ಶಾಲೆ ಅವರನ್ನು ನೋಡುತ್ತಾ ಒಳಗೆ ಹೋಗುತ್ತಿತ್ತು. "ಬಾಜೂಲಾ ಉಭೀ ರಾಹಾ," ಎನ್ನುತ್ತಿದ್ದೆ. ಪಕ್ಕಕ್ಕೆ ನಿಲ್ಲು ಎಂದು. ನನ್ನ ಮರಾಠಿಯಲ್ಲಿ ನಮ್ಮೂರ ಎಳೆತ ಇನ್ನೂ ಹೋಗಿಲ್ಲ. ಇನ್ನೂರು ಮುನ್ನೂರು ಮಕ್ಕಳ ಕಾಲು ನೋಡಿ ಮುಗಿಸುವಷ್ಟರಲ್ಲಿ ನನಗೆ ಮುಖಗಳು ಕಾಣುವುದು ನಿಂತುಹೋಗಿರುತ್ತಿತ್ತು.

ಪೆಟ್ಟಿಗೆಯನ್ನು ಗ್ರಂಥಾಲಯದ ಹೊರಗೆ ತೂಗುಹಾಕಿದ್ದರು. ಯಾರಾದರೂ ಪೀಡಿಸಿದರೆ ಹೆಸರು ಹಾಕದೆ ಚೀಟಿ ಬರೆದು ಅದರಲ್ಲಿ ಹಾಕಬಹುದು. ಬರೆದವರು ಯಾರೆಂದು ಯಾರೂ ಹುಡುಕುವುದಿಲ್ಲ. ಮಕ್ಕಳಿಗೆ ನಾವು ಕೊಟ್ಟ ಮಾತು ಅದು. ನಾನು, ಮುಖ್ಯಾಧ್ಯಾಪಕಿ, ಚಿತ್ರಕಲೆಯ ಶಿಕ್ಷಕಿ, ಮೂವರೂ ಕೂತು ತೆರೆಯುತ್ತಿದ್ದೆವು. ಫ್ಯಾನ್ ತಿರುಗುವುದಿಲ್ಲ, ನಲ್ಲಿಯಲ್ಲಿ ನೀರಿಲ್ಲ ಎಂಬಂಥವೇ ಹೆಚ್ಚು. ನಿಜವಾದ ಪೀಡನೆಯ ಚೀಟಿ ಬಂದರೆ ರಿಜಿಸ್ಟರಿನಲ್ಲಿ 'ವಿದ್ಯಾರ್ಥಿಗಳಿಗೆ ತಿಳಿಹೇಳಲಾಗಿದೆ' ಎಂದು ಬರೆಯುತ್ತಿದ್ದೆ. ಸೋಮವಾರ ಪ್ರಾರ್ಥನೆಯಲ್ಲಿ ಮುಖ್ಯಾಧ್ಯಾಪಕಿ ನಾಲ್ಕು ಮಾತು ಹೇಳುತ್ತಿದ್ದರು. ಅಲ್ಲಿಗೆ ಮುಗಿಯಿತು. ಶನಿವಾರ ಮಧ್ಯಾಹ್ನದ ಹೊತ್ತಿಗೆ ನಮ್ಮಲ್ಲಿ ಯಾರಿಗೂ ಅದಕ್ಕಿಂತ ಹೆಚ್ಚಿನ ತ್ರಾಣ ಉಳಿದಿರುತ್ತಿರಲಿಲ್ಲ.

ಆ ಶನಿವಾರ ಚಿತ್ರಕಲೆಯ ಶಿಕ್ಷಕಿ ಒಂದು ಚೀಟಿ ಬಿಡಿಸಿ ಓದಿದರು. ಮರಾಠಿಯಲ್ಲಿ ಹೀಗಿತ್ತು: ಊಟದ ಬಿಡುವಿನಲ್ಲಿ ಮೂವರು ಹುಡುಗಿಯರು ನನ್ನನ್ನು ಗೋಡೆಗೆ ನಿಲ್ಲಿಸಿ ಯೂನಿಫಾರ್ಮ್ ತಪಾಸಣೆ ಮಾಡುತ್ತಾರೆ. ಬೂಟು ಬಿಚ್ಚಿಸಿ ದೂರ ಎಸೆಯುತ್ತಾರೆ. ಕಾಲರ್ ಮೂಸಿ ನೋಡಿ ನಗುತ್ತಾರೆ. ನಾನು ಸುಮ್ಮ ನಿಲ್ಲುತ್ತೇನೆ. ಸುಮ್ಮ ನಿಂತರೆ ಬೇಗ ಮುಗಿಯುತ್ತದೆ.

"ನೋಡ್ರಿ ಮ್ಯಾಡಮ್, ನಿಮಗೆ ಶಿಷ್ಯರು ತಯಾರಾಗಿದ್ದಾರೆ," ಎಂದು ಮುಖ್ಯಾಧ್ಯಾಪಕಿ ನಕ್ಕರು. ಕೆಟ್ಟ ಮನಸ್ಸಿನಿಂದ ಅಲ್ಲ.

"ಇದೇನು, 'ಸುಮ್ಮ'? ಏನೋ ತಪ್ಪು ಬರೆದಿದ್ದಾಳೆ," ಎಂದು ಚಿತ್ರಕಲೆಯ ಶಿಕ್ಷಕಿ ಚೀಟಿಯನ್ನು ನನ್ನ ಕಡೆ ತಿರುಗಿಸಿದರು.

ತಪ್ಪೇನೂ ಇರಲಿಲ್ಲ. ಮರಾಠಿ ಮಕ್ಕಳು ಅಲ್ಲಿ 'ಗಪ್ಪ' ಎಂದು ಬರೆಯುತ್ತಾರೆ. 'ಸುಮ್ಮ' ನಮ್ಮ ಮನೆಯ ಮಾತು. ಸುಮ್ಮ ಕೂಡು, ಸುಮ್ಮ ಊಟ ಮಾಡು ಎಂದು ನಾನು ದಿನಕ್ಕೆ ಹತ್ತು ಸಲ ಹೇಳುವ ಮಾತು. ಅಕ್ಷರವನ್ನು ಮಗಳು ಬೇಕೆಂದೇ ಸೊಟ್ಟಗೆ ಬರೆದಿದ್ದಳು. ಈ ಒಂದು ಪದ ಮಾತ್ರ ಅವಳಿಗೆ ಗೊತ್ತಿಲ್ಲದೆ ನುಸುಳಿಕೊಂಡಿತ್ತು. ಒಂದು ತಿಂಗಳಿನಿಂದ ಅವಳ ಬಿಳಿ ಕಾಲುಚೀಲದ ಅಡಿ ಕಪ್ಪಗಾಗಿ ಬರುತ್ತಿದ್ದುದೂ, ಬೂಟು ಬಿಟ್ಟು ಕುಣಿಯುತ್ತೀಯೇನೇ ಎಂದು ನಾನು ಬೈಯುತ್ತಾ ತಿಕ್ಕುತ್ತಿದ್ದುದೂ ನೆನಪಾಯಿತು.

"ಏನೋ ಗೊತ್ತಿಲ್ಲ," ಎಂದೆ. ರಿಜಿಸ್ಟರಿನಲ್ಲಿ ಎಂದಿನ ಸಾಲನ್ನೇ ಬರೆದೆ.

ಮರುದಿನ ಮಧ್ಯಾಹ್ನ ಇಬ್ಬರೂ ಒಣಗಿದ ಬಟ್ಟೆ ಮಡಿಚುತ್ತಾ ಕೂತಿದ್ದೆವು. ಹೇಗೆ ಶುರು ಮಾಡುವುದೋ ತಿಳಿಯದೆ ಕೇಳಿದೆ. "ಸುಮ್ಮ ಅನ್ನಲಿಕ್ಕೆ ಮರಾಠ್ಯಾಗ ಏನಂತಾರ?"

"ಗಪ್ಪ," ಎಂದಳು. ಕೈಯಲ್ಲಿದ್ದ ಅಂಗಿ ಹಾಗೇ ನಿಂತಿತು. "ಮಮ್ಮಿ, ಪೆಟ್ಟಿಗಿ ನೀ ತೆಗಿತಿ?"

ಅದು ಅವಳಿಗೆ ಗೊತ್ತೇ ಇರಲಿಲ್ಲ. ಹೌದೆಂದೆ. ಅವಳ ಕಣ್ಣು ತುಂಬಿ ಬಂತು. ಅದು ದುಃಖಕ್ಕಿಂತ ಸಿಟ್ಟೇ ಹೆಚ್ಚು.

"ನನಗ ಯಾಕ ಹೇಳಲಿಲ್ಲ?" ಎಂದು ಕೇಳಿದೆ.

"ನಿನಗ ಹೇಳಿದ್ರ ನೀ ಗೇಟಿನ್ಯಾಗ ಅವರಿಗಿ ಇನ್ನಾ ಜಾಸ್ತಿ ನಿಲ್ಲಸ್ತಿ. ಆಮ್ಯಾಲ ಅವರು ನನಗ ಇನ್ನಾ ಜಾಸ್ತಿ ನಿಲ್ಲಸ್ತಾರ." ಮುಂದಿನದನ್ನು ಮರಾಠಿಯಲ್ಲಿ ಹೇಳಿದಳು. ಸಿಟ್ಟು ಬಂದರೆ ಅವಳಿಗೆ ಕನ್ನಡ ಸಾಲುವುದಿಲ್ಲ. ಅವರು ನನ್ನ ದನಿಯಲ್ಲೇ ಮಾತಾಡುತ್ತಾರಂತೆ, ನನ್ನ ಎಳೆತವನ್ನೇ ಅಣಕಿಸುತ್ತಾ. ಆ ಮೂವರನ್ನೂ ಒಂದಲ್ಲ ಒಂದು ದಿನ ನಾನು ಗೋಡೆಗೆ ನಿಲ್ಲಿಸಿದ್ದೆನಂತೆ.

"ನಾ ನಿನಗ ಬರ್ದಿಲ್ಲ ಮಮ್ಮಿ. ಶಾಳೆಗಿ ಬರ್ದೀನಿ."

"ಹಂಗಾದ್ರ ನಾ ಈಗ ಏನ್ ಮಾಡ್ಲಿ, ನೀನೇ ಹೇಳು."

"ಬೇರೆ ಪೋರಿ ಬರ್ದಿದ್ರ ಏನ್ ಮಾಡ್ತಿದ್ದಿ? ಅದೇ ಮಾಡು."

ಬೇರೆ ಹುಡುಗಿ ಬರೆದಿದ್ದರೆ ಏನು ಮಾಡುತ್ತಿದ್ದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಮಾಡಿಯೂ ಆಗಿತ್ತು. ಅದನ್ನು ಅವಳಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಸೋಮವಾರದಿಂದ ನಾನು ಊಟದ ಬಿಡುವಿನಲ್ಲಿ ಶಿಕ್ಷಕರ ಕೋಣೆಗೆ ಹೋಗುವುದನ್ನು ಬಿಟ್ಟೆ. ಡಬ್ಬಿಯ ಊಟವನ್ನು ಆಮೇಲೆ ಪಾಠವಿಲ್ಲದ ಹೊತ್ತಿನಲ್ಲಿ ತಿನ್ನುತ್ತಿದ್ದೆ. ಬಿಡುವಿನಲ್ಲಿ ಶಾಲೆಯ ಮೂಲೆಮೂಲೆ ತಿರುಗುತ್ತಿದ್ದೆ. ಮಗಳ ಹತ್ತಿರ ಮಾತ್ರ ಸುಳಿಯಲಿಲ್ಲ. ಮೂರನೇ ದಿನ ಪ್ರಯೋಗಾಲಯದ ಹಿಂದಿನ ಮೆಟ್ಟಿಲ ಬಳಿ ನನ್ನದೇ ದನಿ ಕೇಳಿಸಿತು. "ಬಾಜೂಲಾ ಉಭೀ ರಾಹಾ!" ಗೋಡೆಗೆ ನಿಂತಿದ್ದವಳು ನನ್ನ ಮಗಳಲ್ಲ, ಐದನೇ ತರಗತಿಯ ಒಂದು ಪುಟ್ಟ ಹುಡುಗಿ. ಒಂದು ಕಾಲಿಗೆ ಬೂಟಿರಲಿಲ್ಲ. ಎದುರಿಗೆ ಮೂವರು ಇದ್ದರು. ಮುಂದೆ ನಿಂತವಳು ದೇವಳಾಲಿ ಕ್ಯಾಂಪಿನಿಂದ ಬರುವ ಎತ್ತರದ ಹುಡುಗಿ. ಅಪ್ಪ ಸೈನ್ಯದಲ್ಲಿದ್ದರು. ಆ ವರ್ಷವೇ ಬೇರೆ ರಾಜ್ಯದಿಂದ ಬಂದು ಸೇರಿದ್ದಳು.

ನನ್ನನ್ನು ನೋಡಿ ಅವಳ ಮುಖ ಬಿಳಿಚಿತು. ನಾನು ಕೂಗಾಡಲಿಲ್ಲ. ಕೂಗಾಡಲು ಉಸಿರೂ ಇರಲಿಲ್ಲ. ಚಿಕ್ಕವಳಿಗೆ ಬೂಟು ಹಾಕಿಸಿ ಕಳಿಸಿದೆ. ಉಳಿದಿಬ್ಬರನ್ನು ಆಫೀಸಿನ ಹೊರಗೆ ಕೂರಲು ಹೇಳಿ, ಎತ್ತರದ ಹುಡುಗಿಯನ್ನು ಕರೆದು ಮೆಟ್ಟಿಲ ಮೇಲೆ ಕೂತೆ.

"ಇದನ್ನೆಲ್ಲ ಎಲ್ಲಿ ಕಲಿತೆ?" ಎಂದು ಹಿಂದಿಯಲ್ಲಿ ಕೇಳಿದೆ. ಕೇಳಿದ ಕೂಡಲೇ ಎಂಥ ಮೂರ್ಖ ಪ್ರಶ್ನೆ ಎನ್ನಿಸಿತು.

ಅವಳು ನೆಲ ನೋಡುತ್ತಾ ಹೇಳಿದಳು. "ನೀವು ನನ್ನನ್ನು ಒಂಬತ್ತು ದಿನ ನಿಲ್ಲಿಸಿದ್ರಿ, ಮ್ಯಾಡಮ್. ಹಳೇ ಶಾಲೆಯ ಚೌಕಳಿ ಸ್ಕರ್ಟ್ ಹಾಕಿದ್ದೆ ಅಂತ. ನನ್ನ ಅಳತೆಯದು ಅಂಗಡಿಗೆ ಇನ್ನೂ ಬಂದಿಲ್ಲ ಅಂತ ಮೊದಲನೇ ದಿನವೇ ನಿಮಗೆ ಹೇಳಿದ್ದೆ. ನೆಪ ಹೇಳಬೇಡ ಅಂದ್ರಿ. ನನ್ನ ಹೆಸರು ಯಾರೂ ಕೇಳಲಿಲ್ಲ. ಎಲ್ಲರೂ ಚೌಕಳಿ ಅಂತಲೇ ಕರೆದರು. ಈಗಲೂ ಹಾಗೇ ಕರೀತಾರೆ."

ನಾನು ನೆನಪಿಸಿಕೊಳ್ಳಲು ನೋಡಿದೆ. ಚೌಕಳಿಯ ಸ್ಕರ್ಟ್ ನೆನಪಾಯಿತು. ಇವಳ ಮುಖ, ಇವಳು ಹೇಳಿದ ಮಾತು, ಒಂದೂ ನೆನಪಾಗಲಿಲ್ಲ.

"ನಾನು ಮಾಡಿದ್ದು ತಪ್ಪು," ಎಂದೆ. "ಆದರೆ ಆ ಚಿಕ್ಕ ಹುಡುಗಿ ನಿನಗೆ ಏನೂ ಮಾಡಿರಲಿಲ್ಲ."

"ಇನ್ನೊಬ್ಬಳೂ ಇದ್ದಾಳೆ," ಎಂದಳು ಅವಳು. ಹೆಸರು ಹೇಳಲಿಲ್ಲ. ನಾನೂ ಕೇಳಲಿಲ್ಲ. "ಅವಳ ಹತ್ತಿರವೂ ಹೋಗಿ ಮಾತಾಡು," ಎಂದಷ್ಟೇ ಹೇಳಿದೆ.

ಮೂವರ ತಾಯ್ತಂದೆಯರನ್ನೂ ಕರೆಸಿದೆವು. ಎರಡು ವಾರ ಆ ಮೂವರು ಗ್ರಂಥಾಲಯದಲ್ಲಿ ಕೂತು ಊಟ ಮಾಡಿದರು. ಗೋಡೆಗೆ ನಿಲ್ಲಿಸುವುದನ್ನು ಬಿಡೋಣ, ತಪ್ಪಿದ್ದರೆ ಡೈರಿಯಲ್ಲಿ ಬರೆದು ಮನೆಗೆ ಕಳಿಸೋಣ ಎಂದು ನಾನು ಮುಖ್ಯಾಧ್ಯಾಪಕಿಗೆ ಹೇಳಿದೆ.

"ಹೆಸರಿಲ್ಲದ ಒಂದು ಚೀಟಿಗಾಗಿ ಶಾಲೆಯ ಶಿಸ್ತು ಬಿಡಬೇಕಾ, ಮ್ಯಾಡಮ್? ಅದನ್ನು ಬರೆದವರು ಯಾರು ಅಂತ ನಿಮಗೆ ಗೊತ್ತಾ?"

"ಗೊತ್ತು ಮಾಡಿಕೊಳ್ಳಬಾರದು ಅನ್ನೋದೇ ನಮ್ಮ ನಿಯಮ ಅಲ್ವಾ," ಎಂದೆ.

ಅವರು ಅರ್ಧಕ್ಕೆ ಒಪ್ಪಿದರು. ಹೊಸದಾಗಿ ಸೇರಿದವರಿಗೆ ಬಟ್ಟೆ ಸಿಗುವವರೆಗೂ ಯಾರೂ ಏನೂ ಅನ್ನುವಂತಿಲ್ಲ. ನಾನು ಗೇಟಿನಲ್ಲಿರುವ ದಿನ ಡೈರಿಯಲ್ಲಿ ಬರೆದರೆ ಸಾಕು. ವ್ಯಾಯಾಮ ಶಿಕ್ಷಕರ ಸರದಿಯ ದಿನ ಈಗಲೂ ಕೆಲವು ಮಕ್ಕಳು ಆ ಗೋಡೆಗೆ ನಿಂತಿರುತ್ತಾರೆ. ಆ ಶಿಕ್ಷಕರ ಜೊತೆ ಎರಡು ಸಲ ವಾದ ಮಾಡಿದೆ. ಮೂರನೇ ಸಲಕ್ಕೆ ಶಕ್ತಿ ಕೂಡಿಸಿಕೊಳ್ಳುತ್ತಿದ್ದೇನೆ.

ಎತ್ತರದ ಹುಡುಗಿ ಮಗಳ ಹತ್ತಿರ ಮಾತಾಡಿದಳಂತೆ. ಏನು ಹೇಳಿದಳು ಎಂದು ಕೇಳಿದೆ. "ಸಾರಿ ಅಂದಳು. ಬಸ್, ಅಷ್ಟೇ," ಎಂದಳು ಮಗಳು. ತಪಾಸಣೆಯ ಆಟ ನಿಂತಿತು. ಗೆಳೆತನವೇನೂ ಆಗಲಿಲ್ಲ. ಉಳಿದಿಬ್ಬರಲ್ಲಿ ಒಬ್ಬಳು ಈಗಲೂ ಇವಳು ಬಂದರೆ ಬೆಂಚಿನಿಂದ ಎದ್ದು ಹೋಗುತ್ತಾಳೆ. ಅದನ್ನು ಮಗಳೇ ತಾನಾಗಿ ಬಸ್ಸಿನಲ್ಲಿ ಹೇಳಿದಳು, ಕಿಟಕಿಯ ಕಡೆ ಮುಖ ಮಾಡಿ.

ಪೆಟ್ಟಿಗೆಯ ಕೆಲಸದಿಂದ ನನ್ನನ್ನು ಬಿಡಿಸಿ ಎಂದು ಕೇಳಿಕೊಂಡೆ. ನನ್ನ ಮನೆಯ ಮಗುವೇ ಈ ಶಾಲೆಯಲ್ಲಿರುವಾಗ ಅದರ ಬೀಗದ ಕೈ ನನ್ನ ಹತ್ತಿರ ಇರಬಾರದಿತ್ತು. ಯಾಕೆ ಎಂದು ಮುಖ್ಯಾಧ್ಯಾಪಕಿ ಕೇಳಿದರು. ದಣಿದಿದ್ದೇನೆ ಎಂದೆ. ಅದು ಸುಳ್ಳೂ ಆಗಿರಲಿಲ್ಲ.