ಗಂಗಕ್ಕನ ಒಲೆಗೆ ಹುಬ್ಬಳ್ಳಿಯ ವೈರಿಂಗು

ಕೇಳಿ ಗೆಳೆಯರೇ, ಶಿರಸಿಯ ನಮ್ಮ ಬೀದಿಗೆ ಮೊದಲ ಕರೆಂಟ್ ಒಲೆ ಬಂದಿದೆ. ಪಕ್ಕದ ಮನೆಯ ವೈರ್‌ಮನ್ ನಾನಿರುವಾಗ ಗಂಗಕ್ಕ ಕರೆಸಿದ್ದು ಹುಬ್ಬಳ್ಳಿಯವನನ್ನು! ಹೊಟ್ಟೆ ಉರಿಯಿತು. ತಪ್ಪು ಹುಡುಕಲೆಂದೇ ಇಂದು ಬೆಳಿಗ್ಗೆ ಹೋಗಿ ಪ್ಲಗ್ ಬಿಚ್ಚಿ ನೋಡಿದೆ. ಕರೆಂಟು ವಾಪಸ್ ಹೋಗುವ ನ್ಯೂಟ್ರಲ್ ತಂತಿ ಬೇರೆ, ನೆಲಕ್ಕಿಳಿಯುವ ಅರ್ಥ್ ತಂತಿ ಬೇರೆ. ಅಚ್ಚುಕಟ್ಟಾದ ಕೆಲಸ.

“ಮುಟ್ಟಿರೂ ಶಾಕ್ ಹೊಡಿತಿಲ್ಲೆ. ಚೊಲೋ ಇದ್ದಲಾ?” ಗಂಗಕ್ಕ ಕೇಳಿದಳು.

“ಅಡ್ಡಿಲ್ಲೆ,” ಎಂದೆ.

ಅಲ್ಲಿಂದ ನೇರ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಓಡಿದೆ. ಅಲ್ಲಿನ ಒಲೆಗೆ ತಂತಿ ಉಳಿಸಲು ಆ ಎರಡನ್ನೂ ಒಂದೇ ಮಾಡಿದವನು ನಾನೇ. ನ್ಯೂಟ್ರಲ್ ಕಡಿದುಹೋದರೆ ಒಲೆಯ ಮೈಗೆಲ್ಲ ಕರೆಂಟು! ಮಧ್ಯಾಹ್ನದೊಳಗೆ ಅರ್ಥ್‌ಗೆ ಬೇರೆಯೇ ತಂತಿ ಎಳೆದು ಮುಗಿಸಿದೆ.

ಹೋಟೆಲಿನ ಮಾಲೀಕ ಬೆನ್ನು ತಟ್ಟಿದ. “ಹುಬ್ಬಳ್ಳಿ ತನಕ ಹೋದ್ರೂ ನಿನ್ನಂಥಾ ಕೆಲಸಗಾರ ಇಲ್ಲೆ ಮಾರಾಯ!”

ನಾನು ಅಲ್ಲವೆನ್ನಲಿಲ್ಲ.