ಚಹಾಪೆಟ್ಟಿಗೆಯ ಕಾವು

ನಿಮ್ಮ ಅಜ್ಜ ಮಿಲ್ಲಿನಲ್ಲಿ ವಯರ್‌ಮನ್ ಆಗಿದ್ದಾಗ ನಾವು ವಡಾಲದ ಚಾಳಿನ ಒಂದೇ ಕೋಣೆಯಲ್ಲಿದ್ದೆವು. ನನ್ನ ಅಕ್ಕ, ಭಾವ ಗೋರೆಗಾಂವ್‌ನಲ್ಲಿ ಕೋಳಿ ಸಾಕುತ್ತಿದ್ದರು. ಆಗ ಅದು ಹಳ್ಳಿಯೇ. ಅವರ ಮನೆಗೆ ಕರೆಂಟಿರಲಿಲ್ಲ. ಆ ವರ್ಷ ರೋಗ ಬಂದು ಕೆಲವೇ ಹೇಂಟೆಗಳು ಉಳಿದವು. ಹೇಂಟೆ ಕಾವಿಗೆ ಕೂತರೆ ಮೊಟ್ಟೆ ಇಡುವುದಿಲ್ಲ, ಕೂರದಿದ್ದರೆ ಮರಿಯಿಲ್ಲ. ಎಲ್ಲ ಬಿಟ್ಟು ಊರಿಗೆ ಹೋಗೋಣ ಎಂದು ಭಾವ ಹಟ ಹಿಡಿದಿದ್ದರು. ಅಕ್ಕನಿಗೆ ಮನಸ್ಸಿರಲಿಲ್ಲ.

ನಮ್ಮ ಕೋಣೆಯಲ್ಲಿ ಕರೆಂಟಿತ್ತು. ಅಜ್ಜ ಅಲ್ಲೇ ಹಳೆಯ ಚಹಾಪೆಟ್ಟಿಗೆಯ ಒಳಗೆ ಗೋಣಿ ಹೊಡೆದು ಒಂದು ಬಲ್ಬು ಕೂರಿಸಿದರು. ಗುಜರಿ ಮಾರುವ ಭಂಗಾರದವನಿಂದ ತಂದ ಲೋಹದ ಪಟ್ಟಿಯೊಂದು ಬಿಸಿಗೆ ಬಾಗಿ ಟಕ್ಕೆಂದು ದೀಪ ಆರಿಸುತ್ತಿತ್ತು, ತಣಿದರೆ ಹೊತ್ತಿಸುತ್ತಿತ್ತು. ಅಕ್ಕ ಭತ್ತದ ಹೊಟ್ಟು ತುಂಬಿದ ಡಬ್ಬಿಯಲ್ಲಿ ಮೊಟ್ಟೆ ಹುಗಿದು, ದಾದರಿನಲ್ಲಿ ಲೋಕಲ್ ಇಳಿದು, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಳು.

"ಯಾರೂ ಮುಟ್ಟಬೇಡಿ. ಎಲ್ಲ ತನ್ನಷ್ಟಕ್ಕೇ ಆಗ್ತದೆ," ಎಂದರು ಅಜ್ಜ.

"ಹೇಂಟೆಗೆ ಇನ್ನು ರಜೆ ಮಾರಾಯ್ರೆ! ಕಾವಿಗೆ ನೀವೇ ಕೂತಾಯ್ತಲ್ಲ," ಎಂದು ಅಕ್ಕನ ಜೊತೆ ಬಂದಿದ್ದ ಭಾವ ನಕ್ಕರು.

ಕಾವಿಗಿಟ್ಟ ಮೊಟ್ಟೆಗೆ ಮನುಷ್ಯರ ಕೈ ತಾಗಬಾರದೆಂದು ನಮ್ಮೂರಿನಲ್ಲೂ ಕಟ್ಟಳೆಯಿತ್ತು. ಆದರೆ ಹೇಂಟೆ ಕೊಕ್ಕಿನಿಂದ ಒಂದೊಂದೇ ಮೊಟ್ಟೆ ಹೊರಳಿಸುವುದನ್ನು ನಾನು ಸಣ್ಣವಳಿದ್ದಾಗ ಬುಟ್ಟಿಯ ಬಳಿ ಕೂತು ನೋಡಿದ್ದೆ. ಹೇಳಬೇಕೆನಿಸಿತು. ಭಾವನೆದುರು ಬಾಯಿ ಬರಲಿಲ್ಲ.

ಇಪ್ಪತ್ತೊಂದು ದಿನ ಕಳೆದರೂ ಒಂದೂ ಮರಿಯಾಗಲಿಲ್ಲ. ಒಡೆದು ನೋಡಿದರೆ ಮರಿಗಳು ಚಿಪ್ಪಿಗೆ ಅಂಟಿಕೊಂಡು ಸತ್ತಿದ್ದವು. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಇನ್ನೊಂದು ಸಲ ನೋಡುವ. ಆಗದಿದ್ರೆ ಊರೇ ಸೈ," ಎಂದರು ಭಾವ.

ಅವರು ಹೋದ ಮೇಲೆ ಅಜ್ಜನಿಗೆ ಹೇಂಟೆಯ ಕೊಕ್ಕಿನ ವಿಷಯ ಹೇಳಿದೆ.

"ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು ನಿಂಗೆ?"

"ಮುಟ್ಟಬೇಡಿ ಅಂದದ್ದು ಯಾರು?"

ಅವರು ತಲೆ ಕೆರೆದುಕೊಂಡರು.

ಎರಡನೆಯ ಸಲ ಪ್ರತಿ ಮೊಟ್ಟೆಯ ಒಂದು ಮಗ್ಗುಲಿಗೆ ಇದ್ದಲಿನ ಗುರುತು ಹಾಕಿದೆ. ಪಾಳಿ ಬದಲಿಗೆ ಮಿಲ್ಲಿನ ಭೋಂಗಾ ಕೂಗಿದಾಗಲೆಲ್ಲ ಕೈತೊಳೆದು ಹೊರಳಿಸುತ್ತಿದ್ದೆ. ಕೊನೆಯ ಮೂರು ದಿನ ಮುಟ್ಟಲಿಲ್ಲ; ಆಗ ಹೇಂಟೆಯೂ ಸುಮ್ಮನಿರುತ್ತದೆ. ಇಪ್ಪತ್ತೊಂದನೆಯ ಬೆಳಿಗ್ಗೆ ಪೆಟ್ಟಿಗೆಯೊಳಗಿಂದ ಕಿಚಿಕಿಚಿ ಕೇಳಿಸಿತು. ಇಪ್ಪತ್ತರಲ್ಲಿ ಹದಿಮೂರು ಮರಿಯಾದವು.

ಅಕ್ಕ ಒಂದು ಮರಿಯನ್ನು ಅಂಗೈಯಲ್ಲಿಟ್ಟುಕೊಂಡು ಭಾವನಿಗೆ, "ಊರಿಗೆ ಹೋಗುವುದಾದ್ರೆ ಇನ್ನು ನೀವೊಬ್ಬರೇ ಹೋಗಿ," ಎಂದಳು.

ಆಮೇಲೆ ಅಜ್ಜ ಮೊಟ್ಟೆಗಳೆಲ್ಲ ಒಟ್ಟಿಗೇ ಹೊರಳುವಂತೆ ಪೆಟ್ಟಿಗೆಯ ಹೊರಗೊಂದು ಹಿಡಿ ಇಟ್ಟರು. ಭಾವನೆದುರೇ ನನ್ನನ್ನು ಕರೆದು, "ಸರಿ ಉಂಟಾ ನೋಡು," ಎಂದರು.

ತಿರುಗಿಸಿ ನೋಡಿದೆ. "ಸ್ವಲ್ಪ ಬಿಗಿ ಉಂಟು," ಎಂದೆ.