ಸಾವಂತ್ರವ್ವನ ಕಿವಿ

ದೇಸೂರಿನ ಕುರುಬರ ಮನೆಯ ಮಗಳು ಸಾವಂತ್ರವ್ವ. ಗಂಡ ಸಿದರಾಯ ಖಾನಾಪುರದ ಕಟ್ಟಿಗೆ ಮಿಲ್ಲಿನಲ್ಲಿ ದಿಮ್ಮಿ ಸೀಳುತ್ತಿದ್ದ. ರವಿವಾರ ಬಂತೆಂದರೆ ಬೆಳಗಾವಿಯ ಗುರುಪಾದಪ್ಪನ ಆರ್ಕೆಸ್ಟ್ರಾದಲ್ಲಿ ಡಬಲ್ ಬೇಸ್ ನುಡಿಸಲು ಹೋಗುತ್ತಿದ್ದ. ಆಳೆತ್ತರದ ಪಿಟೀಲಿನಂಥ ಆ ವಾದ್ಯವನ್ನು ಗೋವೆಯ ಮುದುಕನೊಬ್ಬ ಅವನಿಗೆ ಕಲಿಸಿದ್ದ. ಊರಿಗೆ ಮರಳುವಾಗ ಅದನ್ನು ಅವನಿಗೇ ಕೊಟ್ಟುಹೋಗಿದ್ದ.

1977ರ ಸುಮಾರಿಗೆ ಸಿದರಾಯನ ಕಿವಿ ಮಂದವಾಗತೊಡಗಿತು. ಗರಗಸದ ಕಿರುಚಾಟ ಮೊದಲು ತೆಳುವಾದ ದನಿಗಳನ್ನೇ ತಿಂದುಹಾಕಿತ್ತು. ದಪ್ಪ ತಂತಿಯ ಗುಂಯ್‌ಗುಡುವಿಕೆ ಎದೆಗೆ ತಾಗುತ್ತಿತ್ತು, ಬೆರಳುಗಳಿಗೆ ತಮ್ಮ ಜಾಗ ಗೊತ್ತಿತ್ತು, ಹಾಗಾಗಿ ಬಾರಿಸಲು ತೊಂದರೆಯಿರಲಿಲ್ಲ. ಆದರೆ ತಂತಿಯೇ ಸುರದಲ್ಲಿ ಇಲ್ಲದಿದ್ದರೆ ಗೊತ್ತಿದ್ದ ಜಾಗವೂ ಸುಳ್ಳಾಗುತ್ತದೆ. ಸುರ ಕೂಡಿಸಲು ತಂತಿಯನ್ನು ಒತ್ತದೆ, ಬೆರಳ ತುದಿಯಿಂದ ಹಗುರಾಗಿ ಮುಟ್ಟಿ ಮೀಟಬೇಕು. ಆಗ ಕೊಳಲಿನಂಥ ಸಣ್ಣ ದನಿ ಏಳುತ್ತದೆ. ಪಕ್ಕದ ತಂತಿಯಲ್ಲೂ ಅದೇ ದನಿ ಎಬ್ಬಿಸಿ ಎರಡನ್ನೂ ಹೊಂದಿಸಬೇಕು. ಆ ಸಣ್ಣ ದನಿಯೇ ಅವನಿಗೆ ಕೇಳದಾಯಿತು.

ಒಂದು ಸಂಜೆ ತಂತಿ ಬಿಗಿಯುವ ಬಿರಡೆಯ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದವನನ್ನು ಕಂಡು ಸಾವಂತ್ರವ್ವ ಹತ್ತಿರ ಬಂದಳು.

"ಏನಾತ್ರೀ?"

"ಕೇಳವಲ್ದು. ಎರಡೂ ದನಿ ಒಂದ ಆಗ್ಯಾವೇನು, ನೀನ ಹೇಳು."

ಅವಳು ಕಿವಿಗೊಟ್ಟಳು. "ಇಲ್ಲರೀ. ನಡಗಾಕತ್ತೈತಿ, ವಂವ್ ವಂವ್ ಅಂತ."

"ಆ ನಡುಕ ನಿಂತ ಕೂಡ್ಲೆ ನನ್ನ ಕೈ ಹಿಡಿ."

ಅವನು ತಿರುವಿದಂತೆ ನಡುಕ ನಿಧಾನವಾಗಿ, ಇನ್ನೂ ನಿಧಾನವಾಗಿ, ಇಲ್ಲವಾಯಿತು. ಅವಳು ಅವನ ಮಣಿಕಟ್ಟು ಹಿಡಿದಳು.

ಅಂದಿನಿಂದ ಎಲ್ಲ ಕಾರ್ಯಕ್ರಮಕ್ಕೂ ಅವಳು ರೊಟ್ಟಿಯ ಡಬ್ಬಿ ಹಿಡಿದು ಜೊತೆಗೆ ಹೊರಟಳು. ಉಳಿದವರು ಬರುವ ಮೊದಲೇ ಪರದೆಯ ಹಿಂದೆ ಸುರ ಕೂಡಿಸಿ ಮುಗಿಸುತ್ತಿದ್ದರು. "ಹೆಂಡ್ತಿ ಬಿಟ್ಟ ಬರೂದ ಇಲ್ಲ ಈ ಮನಷ್ಯಾ" ಎಂದು ಬಳಗದವರು ನಗುತ್ತಿದ್ದರು. ನಗಲಿ, ಅದೇ ಒಳ್ಳೆಯದು ಎಂದುಕೊಳ್ಳುತ್ತಿದ್ದಳು ಅವಳು. ಆದರೆ ಗುರುಪಾದಪ್ಪ ನಗುತ್ತಿರಲಿಲ್ಲ. ಕರೆದರೂ ಸಿದರಾಯ ಓಗೊಡದ್ದನ್ನು ಅವನು ಗಮನಿಸಿದ್ದ.

"ಕಿವಿ ಬರೋಬರಿ ಅದಾವಿಲ್ಲೋ? ಹೊಸಾ ಹುಡುಗೊಬ್ಬ ಬೇಸ್ ಗಿಟಾರ್ ಹಿಡಕೊಂಡು ನಿನ್ನ ಜಾಗಾಕ್ಕ ಕಾಯಾಕತ್ತಾನ."

ತುಟಿ ನೋಡಿ ಅರ್ಥಮಾಡಿಕೊಂಡ ಸಿದರಾಯ, "ನೆಗಡಿ ಆಗೇತ್ರಿ" ಎಂದ.

ಆ ವಾರವೇ ಖಾನಾಪುರದ ಸಾಲೆಯ ಬಯಲಲ್ಲಿ ಕಾರ್ಯಕ್ರಮ. ಮಳೆ ಬಂದು ನಿಂತಿತ್ತು. ಹೆಂಗಸರ ನಡುವೆ ಕೂತಿದ್ದ ಸಾವಂತ್ರವ್ವನಿಗೆ ಹಾಡಿನ ಮಧ್ಯೆ ಗಂಡನ ವಾದ್ಯದ ದನಿ ಇಳಿದದ್ದು ಕೇಳಿಸಿತು. ಹಲ್ಲು ಸವೆದಿದ್ದ ಒಂದು ಬಿರಡೆ ಜಾರಿ, ತಂತಿ ಸಡಿಲಾಗಿತ್ತು. ಹಾಡುವವಳ ಸುರ ತಪ್ಪಿತು. ಗುರುಪಾದಪ್ಪ ನುಡಿಸುತ್ತಿದ್ದ ಅಕಾರ್ಡಿಯನ್ ಬಿಡದೆ, ತಿರುಗಿ ಕಣ್ಣು ಅಗಲಿಸಿ ನೋಡಿದ. ಮೆಚ್ಚಿಕೊಂಡನೆಂದು ತಿಳಿದ ಸಿದರಾಯ ನಕ್ಕು, ಇನ್ನಷ್ಟು ಜೋರಾಗಿ ಮೀಟಿದ.

ಆ ನಗು ನೋಡಿ ಅವಳಿಗೆ ಕೂತಿರಲಾಗಲಿಲ್ಲ. ಮೇಲೆ ಹೋದರೆ ಗುಟ್ಟು ಬಯಲಾಗುತ್ತದೆ, ಹೋಗದಿದ್ದರೆ ಊರ ಮುಂದೆ ಗಂಡ ನಗೆಪಾಟಲಾಗುತ್ತಾನೆ. ಹಾಡು ಮುಗಿಯುತ್ತಿದ್ದಂತೆ ಸೆರಗು ಬಿಗಿದು ವೇದಿಕೆಯ ಮೆಟ್ಟಿಲು ಹತ್ತಿದಳು.

"ಏ ಯವ್ವಾ, ಎಲ್ಲಿ ಹೊಂಟಿ?" ಎಂದು ಕಾರ್ಯಕರ್ತನೊಬ್ಬ ತಡೆದ.

"ಬಾಜು ಸರಿಯಪಾ!"

ಅವಳ ಮುಖ ಕಂಡದ್ದೇ ಸಿದರಾಯನಿಗೆ ಎಲ್ಲ ತಿಳಿಯಿತು. ಅವಳು ಬೆರಳಿಟ್ಟು ತೋರಿಸಿದ ತಂತಿಯನ್ನೂ ಅದರ ಪಕ್ಕದ್ದನ್ನೂ ಹಗುರಾಗಿ ಮುಟ್ಟಿ ಮೀಟಿದ. ಅವಳು ಮರಕ್ಕೆ ಕಿವಿಯೊತ್ತಿದಳು. ಬಯಲ ತುಂಬ ಸಿಳ್ಳು, ಕೇಕೆ. ಸಣ್ಣ ದನಿ ಅದರಲ್ಲಿ ಮುಳುಗಿಹೋಯಿತು. ಇನ್ನೊಮ್ಮೆ ಮೀಟಿದ. ಆಗಲೂ ಕೇಳಲಿಲ್ಲ. ಅವಳು ತಲೆಯೆತ್ತಿ ಗುರುಪಾದಪ್ಪನನ್ನು ನೋಡಿದಳು. ಅವನ ಮುಖ ಬಿಗಿದೇ ಇತ್ತು. ಆದರೂ ಮೈಕಿನ ಹತ್ತಿರ ಹೋದ.

"ಎಲ್ಲಾರೂ ಸ್ವಲ್ಪ ಗಪ್ಪ ಕುಂದರ್ರಿ. ವಾದ್ಯ ಸುರಾ ಮಾಡಾಕತ್ತೇವಿ."

ಬಯಲು ಮೆಲ್ಲಗೆ ತಣ್ಣಗಾಯಿತು. ತಂತಿಯ ನಡುಕ ಈಗ ಅವಳಿಗೆ ಕೇಳಿಸಿತು. ಸಿದರಾಯ ಕೂದಲೆಳೆಯಷ್ಟೇ ತಿರುವಿದ. ನಡುಕ ನಿಧಾನವಾಯಿತು, ನಿಂತಿತು. ಅವಳು ಅವನ ಕೈ ಹಿಡಿದಳು.

ಕಾರ್ಯಕ್ರಮ ಮುಗಿದ ಮೇಲೆ ಗುರುಪಾದಪ್ಪ ಅವಳ ಮುಂದೆ ಬಂದು ನಿಂತ.

"ಯಾವಾಗಿಂದ ಹಿಂಗ?"

"ಎರಡ ವರ್ಷ ಆತ್ರಿ."

"ನನಗ ಹೇಳಬೇಕಿತ್ತಿಲ್ಲ?"

"ಹೇಳಿದ್ರ ಇಟ್ಕೋತಿದ್ರೇನ್ರಿ?"

ಗುರುಪಾದಪ್ಪ ಅಕಾರ್ಡಿಯನ್ನನ್ನು ಪೆಟ್ಟಿಗೆಯಲ್ಲಿಡತೊಡಗಿದ. ಸಿದರಾಯ ಇಬ್ಬರ ತುಟಿಗಳನ್ನೂ ನೋಡುತ್ತ ನಿಂತಿದ್ದ. ಪೆಟ್ಟಿಗೆ ಮುಚ್ಚಿದ ಮೇಲೆ ಗುರುಪಾದಪ್ಪ ಅವನ ಕಡೆ ತಿರುಗಿ, ಬಿಡಿಸಿ ಬಿಡಿಸಿ ಹೇಳಿದ: "ಮುಂದಿನ ಸಲ ಆಕೀನ್ನ ಕೆಳಗ ಕುಂದರಸಬ್ಯಾಡ. ಬಾಜೂಕ ನಿಂದರಲಿ."

ಇದ್ದಷ್ಟು ಕಿವಿಯಾದರೂ ಉಳಿಯಲೆಂದು ಸಿದರಾಯ ಮಿಲ್ಲಿನ ಕೆಲಸ ಬಿಟ್ಟು ನಂದಗಡದ ಸಂತೆಯಲ್ಲಿ ಕಂಬಳಿ ಮಾರಲು ಕೂತ. ಹೋದ ಕಿವಿ ತಿರುಗಿ ಬರಲಿಲ್ಲ. ಗಿಟಾರಿನ ಹುಡುಗನೂ 1984ರಲ್ಲಿ ಅವನ ಜಾಗಕ್ಕೆ ಬಂದೇ ಬಂದ. ಅಲ್ಲಿಯವರೆಗೆ ಮಾತ್ರ, ಬೆಳಗಾವಿಯಲ್ಲಾಗಲಿ ಲೋಂಡಾದಲ್ಲಾಗಲಿ, ಸಾವಂತ್ರವ್ವ ವೇದಿಕೆಯ ಮೇಲೆ ಗಂಡನ ಪಕ್ಕದಲ್ಲೇ, ಎಲ್ಲರಿಗೂ ಕಾಣುವಂತೆ ನಿಂತಿರುತ್ತಿದ್ದಳು.